ಮಗಳಿಂದ ಎರಡು ಮಾರು ದೂರ

ಮೊದಲು ನನ್ನ ವಿಷಯ ಮುಗಿಸಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿತು. ವಿಕಿರಣ ಸೂಸುವ ಸಣ್ಣ ಬೀಜಗಳನ್ನು ಆ ಗ್ರಂಥಿಯೊಳಗೇ ಇಟ್ಟು ಚಿಕಿತ್ಸೆ ಮಾಡಿದರು. ರಕ್ತಪರೀಕ್ಷೆಯಲ್ಲಿ ಈಗ ಗಾಬರಿಪಡುವಂಥದ್ದೇನೂ ಕಾಣುತ್ತಿಲ್ಲ. ಬೀಜಗಳು ಇನ್ನೂ ಒಳಗೇ ಇವೆ. ಅವುಗಳ ಶಕ್ತಿ ಆರಿಹೋಗಿದೆ, ತೆಗೆಯಬೇಕಾಗಿಲ್ಲವಂತೆ. ನಾನು ಹೋಗುವಾಗ ನನ್ನ ಜೊತೆಗೇ ಹೋಗುತ್ತವೆ.

ಈ ಕಾಯಿಲೆ ಬಂದ ಗಂಡಸರು ಬಾಯಿ ಬಿಡುವುದಿಲ್ಲ. ಮುಳಬಾಗಿಲಿನ ನಮ್ಮ ಬೀದಿಯಲ್ಲೇ ಇನ್ನೊಬ್ಬರಿಗೆ ಇದು ಆಗಿತ್ತೆಂದು ನನಗೆ ತಿಳಿದದ್ದು ನನಗೂ ಆದ ಮೇಲೆ. ಇಬ್ಬರೂ ದಿನಾ ಒಂದೇ ಅಂಗಡಿಯಲ್ಲಿ ಬಾಳೆಎಲೆ ಕೊಳ್ಳುತ್ತಿದ್ದವರು. ಅವರು ಮೊದಲೇ ಹೇಳಿದ್ದರೆ ನನಗೆ ಎಷ್ಟೋ ಧೈರ್ಯವಿರುತ್ತಿತ್ತು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಆದರೆ ಬರೆಯುವುದಕ್ಕೆ ಅದೊಂದೇ ಕಾರಣವಲ್ಲ.

ನಾನು ಬೆಳೆದದ್ದು ವೇದಪಾಠಶಾಲೆಯಲ್ಲಿ. ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ, ಸಂಧ್ಯಾವಂದನೆ, ಪಾಠ, ಊಟ, ಮತ್ತೆ ಪಾಠ. ಆಮೇಲೆ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿ, ನಿವೃತ್ತಿಯಾಗುವವರೆಗೂ ಆ ಶಿಸ್ತು ಬಿಡಲಿಲ್ಲ. ಬಿಡಿಸಿದ್ದು ಈ ಕಾಯಿಲೆ. ಸಂಧ್ಯಾವಂದನೆಗೆ ಕುಳಿತರೆ ನಡುವೆ ಏಳಬೇಕಾಗುತ್ತಿತ್ತು. ಎದ್ದು ಹೋದರೆ ಮೂತ್ರ ಬರುತ್ತಿರಲಿಲ್ಲ. ವಾಪಸು ಬಂದು ಕುಳಿತರೆ ಮತ್ತೆ ಅವಸರ. ಕೈಕಾಲು ತೊಳೆದು, ಆಚಮನ ಮಾಡಿ, ಮೊದಲಿಂದ ಶುರು. ನಮ್ಮ ಜೊತೆಯಲ್ಲೇ ಇರುವ ಪದ್ಮಕ್ಕ, ನನ್ನ ಅಕ್ಕ, ಗಂಡ ತೀರಿಕೊಂಡ ಮೇಲೆ ಇನ್ನಷ್ಟು ಬಿಗಿಯಾಗಿ ಮಡಿ ಹಿಡಿದವಳು. ಅವಳು ಅಡುಗೆಮನೆಯಿಂದಲೇ ಕೂಗಿದಳು:

"ಲೋ ಶೀನ, ಸಂಧ್ಯಾವಂದನೆ ಮಾಡ್ತಿದೀಯೋ, ಬಚ್ಚಲಿಗೆ ಪ್ರದಕ್ಷಿಣೆ ಹಾಕ್ತಿದೀಯೋ?"

ನಗು ಬಂತು. ಆದರೆ ಮಾರನೆಯ ದಿನವೇ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ತೋರಿಸಿಕೊಂಡೆ.

ಅಲ್ಲಿ ರಕ್ತ ತೆಗೆದರು. ಪಿ.ಎಸ್.ಎ. ಎನ್ನುವ ಅಂಶ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಬೆಂಗಳೂರಿಗೆ ಕಳಿಸಿದರು. ಅಲ್ಲಿ ಗ್ರಂಥಿಯ ಚೂರು ತೆಗೆದು ಪರೀಕ್ಷೆ ಮಾಡಿದರು. ಫಲಿತಾಂಶ ಬರುವವರೆಗೆ ನಾನೂ ನನ್ನ ಹೆಂಡತಿ ಲಲಿತಳೂ ಆ ವಿಷಯ ಬಿಟ್ಟು ಬೇರೆ ಎಲ್ಲವನ್ನೂ ಮಾತಾಡಿದೆವು. ಆ ವರ್ಷದ ಮಾವಿನ ಹೂವು, ಪಕ್ಕದ ಮನೆಯ ಕಾಂಪೌಂಡು, ಮಿಕ್ಸಿಯ ಸದ್ದು. ಫಲಿತಾಂಶ ಬಂದ ದಿನ ಲಲಿತ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು, ಮುಳಬಾಗಿಲು ಬರುವವರೆಗೂ ನನ್ನ ತೋಳನ್ನು ಹಿಡಿದಿದ್ದಳು. ಸಾರ್ವಜನಿಕವಾಗಿ ಅವಳು ನನ್ನ ತೋಳು ಹಿಡಿದದ್ದು ಮದುವೆಯ ಮಂಟಪ ಬಿಟ್ಟರೆ ಆವತ್ತೇ.

ಬೆಂಗಳೂರಿನ ಆ ಆಸ್ಪತ್ರೆಯ ಬೆಂಚಿನ ಮೇಲೆ ಮುನಿವೆಂಕಟಪ್ಪನವರ ಪರಿಚಯವಾಯಿತು. ವಕ್ಕಲೇರಿಯ ಕಡೆಯವರು. ಹಸು ಕಟ್ಟಿಕೊಂಡು ಹಾಲು ಹಾಕುವವರು. ನನ್ನ ಜನಿವಾರವನ್ನೂ ಕೈಯಲ್ಲಿದ್ದ, ತಮ್ಮದರ ಬಣ್ಣದ್ದೇ ಫೈಲನ್ನೂ ನೋಡಿ ನನ್ನ ಪಕ್ಕಕ್ಕೆ ಸರಿದು ಕೂತರು.

"ಏಂ ಸಾಮಿ, ನಿಮ್ಗೂ ಅದೇನಾ?"

"ಅದೇ."

"ಪರ್ವಾಗಿಲ್ಲ ಬಿಡಿ. ಜೊತೆ ಸಿಕ್ತು. ಮನೇಲಿ ಹೇಳಿದ್ರೆ ನಮ್ಮೆಂಗಸ್ರು ಏನಂದ್ಳು ಗೊತ್ತಾ? ಅದೆಲ್ಲಿರತ್ತೆ ಅಂತ ನಂಗೊತ್ತಿಲ್ಲ, ನಿಮ್ಗ್ ಯಾಕ್ ಬೇಕಿತ್ತು ಅಂದ್ಳು!"

ಆ ಗ್ರಂಥಿಯನ್ನು ತಾವೇ ಅಂಗಡಿಯಿಂದ ಕೊಂಡು ತಂದವರಂತೆ ಅವರು ಹೇಳಿದ ರೀತಿಗೆ ಇಡೀ ಬೆಂಚು ನಕ್ಕಿತು. ಎಲ್ಲರ ಮುಖವೂ ಅಲ್ಲಿಯವರೆಗೆ ನೆಲ ನೋಡುತ್ತಿತ್ತು.

ನಮ್ಮಿಬ್ಬರ ಕಾಯಿಲೆಯೂ ಹೆಚ್ಚುಕಡಿಮೆ ಒಂದೇ ಹಂತದಲ್ಲಿತ್ತು. ಹಾಗಾಗಿ ಇಬ್ಬರಿಗೂ ಒಂದೇ ಆಯ್ಕೆಗಳು. ಗ್ರಂಥಿಯನ್ನೇ ಕತ್ತರಿಸಿ ತೆಗೆಯುವುದು. ಹೊರಗಿನಿಂದ ವಿಕಿರಣ ಕೊಡುವುದು, ಅದಕ್ಕೆ ವಾರಗಟ್ಟಲೆ ಓಡಾಡಬೇಕು. ಇಲ್ಲವೇ ಒಳಗೇ ಬೀಜಗಳನ್ನಿಟ್ಟು ಬಿಟ್ಟುಬಿಡುವುದು. ಇನ್ನೊಂದು ತಾತ್ಕಾಲಿಕ ವಿಧಾನ: ಸೂಜಿಗಳನ್ನು ಚುಚ್ಚಿ, ಅವುಗಳ ಮೂಲಕ ವಿಕಿರಣದ ಮೂಲವನ್ನು ಒಳಗೆ ಕಳಿಸಿ, ಸ್ವಲ್ಪ ಹೊತ್ತಿಗೆ ವಾಪಸು ಎಳೆದುಕೊಳ್ಳುವುದು. ಅದರಲ್ಲಿ ಮೈಯೊಳಗೆ ಏನೂ ಉಳಿಯುವುದಿಲ್ಲ, ಆದರೆ ಮತ್ತೆ ಹೋಗಿ ಮಲಗಬೇಕು.

ನಾನು ಲೆಕ್ಕಪತ್ರದ ಮನುಷ್ಯ. ಒಂದೊಂದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕತ್ತರಿಸಿದರೆ ಮೂತ್ರ ಹಿಡಿತಕ್ಕೆ ಸಿಗದೆ ಸೋರುವ ಸಂಭವವಿದೆ ಎಂದರು. ಮಡಿಯಲ್ಲಿ ಕುಳಿತು ಸೋರಿದರೆ? ಅದು ಅಲ್ಲಿಗೇ ಮುಗಿಯಿತು. ಹೊರಗಿನ ವಿಕಿರಣಕ್ಕೆ ದಿನಾ ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿಬರಬೇಕು. ಉಳಿದದ್ದು ಎರಡು. ಇಟ್ಟುಬಿಡುವ ಬೀಜವೋ, ಬಂದು ಹೋಗುವ ಸೂಜಿಯೋ. ಬೀಜಕ್ಕೆ ಒಂದೇ ಸಲ ಮಲಗಿದರೆ ಸಾಕು. ಬಂದು ಮತ್ತೆ ನನ್ನ ದಿನಚರಿಗೆ ಸೇರಬಹುದು.

ಮುನಿವೆಂಕಟಪ್ಪ ಸೂಜಿಯನ್ನೇ ಆರಿಸಿಕೊಂಡರು. "ಭೂಮಿಗೆ ಬಿತ್ತೋನು ನಾನು. ನನ್ನೊಳಗೇ ಬಿತ್ತಿಸ್ಕೊಂಡು ಓಡಾಡಕ್ಕಾಗಲ್ಲ ಸಾಮಿ. ಮಗನ ಮನೇಲಿ ಎರಡು ಸಣ್ಣ ಕೂಸು ಅವೆ, ಮೈಮೇಲೇ ಬೀಳ್ತವೆ."

ಚಿಕಿತ್ಸೆ ಮಾಡುವ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಷ್ಟೇ. ಮುಂದೆ ಕೂರಿಸಿಕೊಂಡು ಸಮಾಧಾನವಾಗಿ ಕೇಳಿದರು.

"ಮನೇಲಿ ಚಿಕ್ಕ ಮಕ್ಕಳಿದಾರಾ? ಬಸುರಿ ಹೆಂಗಸರು ಯಾರಾದರೂ?"

"ಇಲ್ಲ. ನಾನು, ಹೆಂಡತಿ, ಅಕ್ಕ. ಮೂರೂ ಮುದಿಜೀವ."

"ಮಕ್ಕಳು?"

"ಒಬ್ಬಳೇ ಮಗಳು. ಶ್ರೀನಿವಾಸಪುರಕ್ಕೆ ಕೊಟ್ಟಿದ್ದೇವೆ. ಮದುವೆಯಾಗಿ ಬಹಳ ವರ್ಷವಾಯಿತು, ಮಕ್ಕಳಾಗಿಲ್ಲ."

ಹಾಗೆಂದು ಲಲಿತಳ ಕಡೆ ತಿರುಗಿದೆ. ಅವಳು ಗೋಡೆಯ ಮೇಲಿದ್ದ ಚಿತ್ರವನ್ನು ನೋಡುತ್ತಿದ್ದಳು. "ಹೂಂ," ಎಂದಳು. ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

"ಯಾರಾದರೂ ಇದ್ದಿದ್ರೆ ತಾತ್ಕಾಲಿಕದ್ದೇ ಒಳ್ಳೇದು ಅಂತಿದ್ದೆ," ಎಂದರು ಡಾಕ್ಟರಮ್ಮ. "ಇಲ್ಲ ಅಂದಮೇಲೆ ನಿಮಗೆ ಯಾವುದು ಅನುಕೂಲವೋ ಅದು ಮಾಡೋಣ. ಎರಡರಲ್ಲೂ ಗುಣ ಆಗತ್ತೆ."

ಬೀಜಗಳನ್ನು ಇಟ್ಟರು. ಒಂದೊಂದು ಜೀರಿಗೆ ಕಾಳಿನಷ್ಟು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರವಿದ್ದೆ. ಮನಸ್ಸಿನಲ್ಲೇ ಪಾಠಶಾಲೆಯ ಪಾಠವನ್ನು ಮೊದಲಿಂದ ಹೇಳಿಕೊಳ್ಳುತ್ತಾ ಹೋದೆ. ಮುಗಿಯುವ ಮೊದಲೇ ಅವರ ಕೆಲಸ ಮುಗಿಯಿತು. ಮಾರನೆಯ ದಿನ ಮನೆಗೆ ಕಳಿಸಿದರು. ನನ್ನೊಳಗೆ ಏನಿದೆ ಎಂದು ಬರೆದ ಒಂದು ಕಾರ್ಡು, ಮೂತ್ರವನ್ನು ಸೋಸುವುದಕ್ಕೆ ಒಂದು ಜಾಲರಿ. ಬೀಜ ಜಾರಿ ಹೊರಬಂದರೆ ಕೈಯಲ್ಲಿ ಮುಟ್ಟದೆ ಚಿಮಟದಿಂದ ಎತ್ತಿಡಬೇಕು. ಯಾವುದೂ ಬರಲಿಲ್ಲ. ಉರಿ ಮಾತ್ರ ಬಂತು. ಕೆಲವು ವಾರ ಬಚ್ಚಲಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೇನೆ. ಈಗ ಆ ಹಂತದಲ್ಲಿ ಇರುವವರಿಗೆ ಹೇಳುತ್ತೇನೆ: ಅದು ಹೋಗುತ್ತದೆ.

ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಬಸುರಿಯರ ಹತ್ತಿರ ಹೆಚ್ಚು ಹೊತ್ತು ಕೂರಬಾರದು ಎಂಬ ನಿಯಮ ಕೇಳಿ ಪದ್ಮಕ್ಕ ತನಗೆ ಅರ್ಥವಾಗುವಂತೆ ಅರ್ಥ ಮಾಡಿಕೊಂಡಳು. ನನ್ನ ತಟ್ಟೆ ಬೇರೆಯಾಯಿತು. ನನ್ನ ಪಂಚೆ ಒಣಗಲು ಬೇರೆ ಹಗ್ಗ. ಇದಾವುದೂ ಬೇಕಿಲ್ಲವೆಂದು ಹೇಳಿದರೆ ಕೇಳುವವಳಲ್ಲ.

"ನೋಡೋ, ಇಷ್ಟು ವರ್ಷ ನಾನು ಮುಟ್ಟಬೇಡಿ ಮುಟ್ಟಬೇಡಿ ಅಂತ ಓಡಾಡಿದೆ. ಈಗ ನೀನು ನನಗಿಂತ ದೊಡ್ಡ ಮಡಿ ಆದೆ. ನಂದು ಬಾವಿಕಟ್ಟೇಲಿ ಸ್ನಾನ ಮಾಡಿದ್ರೆ ಆಯ್ತು. ನಿಂದು ಯಾವ ನೀರಿಗೆ ಹೋಗತ್ತೋ?"

ಅದಕ್ಕೂ ನಕ್ಕಿದ್ದೆ.

ಚಿಕಿತ್ಸೆಯಾದ ಮುಂದಿನ ತಿಂಗಳು ಒಂದು ಭಾನುವಾರ ನಮ್ಮ ಮಗಳು ವಾರಿಜ ಗಂಡ ರಾಘುವಿನೊಂದಿಗೆ ಬಂದಳು. ಕೈಯಲ್ಲಿ ಸಿಹಿಯ ಡಬ್ಬಿ. ನಾನು ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಂದಿರಲಿಲ್ಲ. ನೆಗಡಿ, ಜ್ವರ, ತಾನು ಪಾಠ ಹೇಳುವ ಶಾಲೆಯಲ್ಲಿ ರಜೆ ಇಲ್ಲ ಎಂದು ಫೋನಿನಲ್ಲಿ ಏನೇನೋ ಕಾರಣ ಹೇಳುತ್ತಿದ್ದಳು. ಅಪ್ಪನಿಗೆ ಕ್ಯಾನ್ಸರ್ ಎಂದರೂ ಬಾರದ ಮಗಳು ಎಂದು ನನಗೆ ಒಳಗೇ ಬೇಸರವಿತ್ತು. ಅವಳನ್ನು ನೋಡಿದ್ದೇ ಎದ್ದು ಬಾಗಿಲಿಗೆ ಹೋದೆ. ಹೊಸಿಲಿನ ಆ ಕಡೆ ಅವಳು, ಈ ಕಡೆ ನಾನು. ಒಳಗಿನಿಂದ ಲಲಿತ ಓಡಿಬಂದಳು.

"ರೀ, ನಿಲ್ಲಿ! ಹತ್ರ ಹೋಗ್ಬೇಡಿ! ಅವಳು ಬಸುರಿ ಕಣ್ರೀ!"

ಜೀವಮಾನದಲ್ಲಿ ಕೇಳಬೇಕೆಂದು ಕಾದಿದ್ದ ಸುದ್ದಿ ನನಗೆ ಸಿಕ್ಕಿದ್ದು ಹೀಗೆ. ಹಿಂದಕ್ಕೆ ಹೆಜ್ಜೆ ಇಡುತ್ತಾ ಕೇಳಿಸಿಕೊಂಡೆ. ಹಿಂದೆ ಗೋಡೆ ಸಿಕ್ಕಿತು. ವಾರಿಜ ಹೊಸಿಲಿನ ಹೊರಗೇ ನಿಂತು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

"ಮೂರು ತಿಂಗಳು ತುಂಬ್ತು ಅಪ್ಪ. ಇವತ್ತು ನಾನೇ ಬಂದು ಹೇಳೋಣ ಅಂತ…"

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಹೇಳುವುದಿಲ್ಲ. ಕಣ್ಣು ಬೀಳುತ್ತದೆಂದು ಅಂಜಿಕೆ. ಗಂಡಸರಿಗಂತೂ ಕೊನೆಗೇ ತಿಳಿಯುವುದು. ಕೆಲವು ವರ್ಷದ ಹಿಂದೆ ವಾರಿಜಳಿಗೆ ಒಮ್ಮೆ ಬಸಿರು ನಿಂತಿತ್ತಂತೆ. ಸಂತೋಷ ತಡೆಯಲಾರದೆ ಬೇಗ ಹೇಳಿ, ವಾರ ಕಳೆಯುವುದರಲ್ಲಿ ಹೋಗಿತ್ತಂತೆ. ಅದೂ ನನಗೆ ಗೊತ್ತಿರಲಿಲ್ಲ. ಈ ಸಲ ಅಮ್ಮನ ಕೈಯಲ್ಲಿ ಆಣೆ ಹಾಕಿಸಿಕೊಂಡು ಹೇಳಿದ್ದಳು. ಬೆಂಗಳೂರಿನಲ್ಲಿ ಡಾಕ್ಟರಮ್ಮ ಕೇಳಿದಾಗ ಲಲಿತಳ ಬಾಯಿಯಲ್ಲಿ ಆ ಆಣೆ ಇತ್ತು.

"ಅವಳು ಅಲ್ಲಿರೋಳು, ನಾವು ಇಲ್ಲಿ," ಎಂದಳು ಲಲಿತ, ಅವರು ಊಟಕ್ಕೆ ಕುಳಿತಾಗ ಹಿತ್ತಿಲಿಗೆ ಬಂದು. "ಮೂರು ತಿಂಗಳು ತುಂಬೋವರೆಗೂ ಈ ಕಡೆ ಬರಬೇಡ ಅಂತ ಹೇಳಿದ್ದೆ. ಅಷ್ಟರಲ್ಲಿ ನಿಮ್ಮ ಬೀಜದ ಶಕ್ತಿ ಕಮ್ಮಿ ಆಗತ್ತೆ ಅಂದ್ಕೊಂಡೆ. ಬಾಯಿಗೆ ಬಂದಿತ್ತು ಕಣ್ರೀ. ಹೇಳಿ, ಏನಾದ್ರೂ ಆಗಿಬಿಟ್ರೆ ಅಂತ ನುಂಗಿಕೊಂಡೆ."

ಅವಳ ಜಾಗದಲ್ಲಿ ನನ್ನ ತಾಯಿ ಇದ್ದಿದ್ದರೂ ಸುಮ್ಮನಿರುತ್ತಿದ್ದಳು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. ಒಂದು ಮಾರು ದೂರವಿದ್ದರೆ ಸಾಕು, ಮಗಳು ಬಂದು ಹೋಗಲಿ, ನೀವು ಮಾತಾಡಿ, ತಿಂಗಳು ಕಳೆದಂತೆ ಅಷ್ಟೂ ಬೇಕಾಗುವುದಿಲ್ಲ ಎಂದರು. ನಾನು ಎರಡು ಮಾರು ಮಾಡಿಕೊಂಡೆ. ಹೆರಿಗೆಯಾಗುವವರೆಗೆ ಎಂದು ಅವಧಿಯನ್ನೂ ಬೆಳೆಸಿದೆ. ಅವಳು ಬಂದರೆ ಜಗಲಿಯ ಮೇಲೆ ಕೂರುವುದು, ನಾನು ನಡುಮನೆಯ ಒಳತುದಿಯಲ್ಲಿ. ನಡುವೆ ತೆರೆದ ಬಾಗಿಲು. ಇಬ್ಬರೂ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಿತ್ತು.

"ಅಪ್ಪ, ನಮ್ಮ ವಿಷಯ ಎಲ್ಲ ಬೀದಿಗೇ ಕೇಳಿಸ್ತಿದೆ," ಎನ್ನುತ್ತಿದ್ದಳು.

"ಕೇಳಿಸಲಿ. ಒಳ್ಳೆಯದೇ ಅಲ್ಲವೇ."

"ಹೆಸರು ಏನಿಡೋದು ಯೋಚನೆ ಮಾಡಿದೀಯಾ?"

"ಈಗಲೇ ಯಾಕೆ? ಮೊದಲು ಹುಟ್ಟಲಿ."

ಆದರೆ ಯೋಚಿಸಿದ್ದೆ. ಗಂಡಾದರೆ ಒಂದು, ಹೆಣ್ಣಾದರೆ ಒಂದು. ಈಗ ಅವನ್ನು ಇಲ್ಲಿ ಬರೆಯುವುದಿಲ್ಲ.

ಐದನೆಯ ತಿಂಗಳಿಗೆ ಹೂ ಮುಡಿಸಿದರು. ಬೀದಿಯ ಹೆಂಗಸರೆಲ್ಲ ಬಂದರು. ಮೊಗ್ಗಿನ ಜಡೆ, ಹಸಿರು ಬಳೆ. ನಾನು ಹಿತ್ತಿಲಿನ ಬಾಗಿಲಲ್ಲಿ ನಿಂತು ನೋಡಿದೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಜಡೆಯ ಉದ್ದಕ್ಕೂ ಮಲ್ಲಿಗೆ. ಆರತಿಯಾದ ಮೇಲೆ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತಾ ಬಂದವಳು ದೂರದಲ್ಲೇ ನಿಂತು ನನ್ನ ಕಡೆ ಬಗ್ಗಿದಳು. ನಾನು ಎರಡು ಮಾರು ದೂರದಿಂದ ಅಕ್ಷತೆ ಎಸೆದೆ. ಅರ್ಧ ಅವಳ ತಲೆಯ ಮೇಲೆ ಬಿತ್ತು, ಅರ್ಧ ನೆಲಕ್ಕೆ. ಹೆಂಗಸರು ನಕ್ಕರು. ಪದ್ಮಕ್ಕ, "ಶೀನ, ಏನೋ ಅದು, ಹಕ್ಕಿಗೆ ಕಾಳು ಹಾಕಿದ ಹಾಗೆ!" ಎಂದಳು. ವಾರಿಜಳೂ ನಕ್ಕಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ರಾಘು ಬೆಳಗ್ಗೆ ಫೋನ್ ಮಾಡಿದ. ಮಗು ಆಡುತ್ತಿಲ್ಲ ಎನ್ನುತ್ತಿದ್ದಾಳೆ, ಕೋಲಾರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದ. ನಾವು ಆಟೋ ಮಾಡಿಕೊಂಡು, ಬಸ್ಸು ಹಿಡಿದು ಹೋದೆವು. ಹೆರಿಗೆ ಆಸ್ಪತ್ರೆ. ಲಲಿತ ಒಳಗೆ ಓಡಿದಳು. ನಾನು ಅವಳ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತುಬಿಟ್ಟೆ.

ಒಳಗೆ ಉದ್ದಕ್ಕೂ ಬೆಂಚುಗಳು, ಬೆಂಚಿನ ತುಂಬ ಬಸುರಿಯರು. ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದರು. ನನ್ನ ಮಗಳ ಹತ್ತಿರ ಹೋಗಬೇಕೆಂದರೆ ಅವರೆಲ್ಲರ ನಡುವೆ ಹಾದು ಹೋಗಬೇಕು. ಹಾದು ಹೋದ ಮಾತ್ರಕ್ಕೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಆಗ ಅದು ನನಗೆ ಗೊತ್ತಿರಲಿಲ್ಲ. ಅಷ್ಟೊಂದು ಹೊಟ್ಟೆಗಳು. ಅಷ್ಟೂ ಮನೆಗಳಲ್ಲಿ ಯಾರೋ ಕಾಯುತ್ತಿರುತ್ತಾರೆ. ಹಿಂದಕ್ಕೆ ಬಂದು ಗೇಟಿನ ಹೊರಗೆ, ಆಟೋಗಳು ನಿಲ್ಲುವ ಕಡೆ ಹೊಂಗೆ ಮರದ ಕೆಳಗೆ ನಿಂತೆ. ಲಲಿತಳ ಫೋನು ಚೀಲದೊಳಗಿತ್ತೋ ಏನೋ, ಎತ್ತಲಿಲ್ಲ. ರಾಘುವೂ ಎತ್ತಲಿಲ್ಲ.

ಯಾರಿಗೆ ಹೇಳಲಿ ಎಂದು ತೋಚದೆ ಮುನಿವೆಂಕಟಪ್ಪನವರಿಗೆ ಫೋನ್ ಮಾಡಿದೆ. ತಪಾಸಣೆಗೆ ಹೋದಾಗಲೆಲ್ಲ ಬೆಂಗಳೂರಿನಲ್ಲಿ ಸಿಗುತ್ತಿದ್ದರು, ಮಗಳ ವಿಷಯವೆಲ್ಲ ಅವರಿಗೆ ಗೊತ್ತಿತ್ತು. ವಕ್ಕಲೇರಿಯಿಂದ ಸ್ಕೂಟರಿನಲ್ಲಿ ಬಂದೇಬಿಟ್ಟರು. ಪಂಚೆಗೆ ಇನ್ನೂ ಹಿಂಡಿಯ ಪುಡಿ ಅಂಟಿಕೊಂಡಿತ್ತು.

"ಒಳಗ್ಯಾಕೆ ಹೋಗಿಲ್ಲ ಸಾಮಿ?"

ಬಾಗಿಲ ಕಡೆ ಕೈ ತೋರಿಸಿದೆ. ಅವರಿಗೆ ಬೇರೆ ಹೇಳಬೇಕಾಗಲಿಲ್ಲ.

"ನನ್ನೊಳಗೇನೂ ಇಲ್ಲ. ನಾನ್ ಹೋಗಿ ಬತ್ತೀನಿ, ಇಲ್ಲೇ ಇರಿ."

ಅವರು ಆ ಬೆಂಚುಗಳ ನಡುವೆ ನಡೆದು ಒಳಗೆ ಹೋದದ್ದನ್ನು ನೋಡಿದೆ. ಬೆಂಗಳೂರಿನಲ್ಲಿ ಅದೊಂದು ಪ್ರಶ್ನೆಗೆ ನಾನು ಬೇರೆ ಉತ್ತರ ಕೊಟ್ಟಿದ್ದರೆ ಹಾಗೆ ನಡೆದು ಹೋಗುತ್ತಿದ್ದವನು ನಾನು. ಎರಡರಲ್ಲೂ ಗುಣವಾಗುತ್ತದೆ ಎಂದಿದ್ದರು. ನಿಜ, ಇಬ್ಬರಿಗೂ ಗುಣವಾಗಿತ್ತು. ವ್ಯತ್ಯಾಸವಿದ್ದದ್ದು ಈ ಬಾಗಿಲಲ್ಲಿ.

ಬಹಳ ಹೊತ್ತಿನ ಮೇಲೆ ಬಂದರು. ಬರುವಾಗಲೇ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದರು. ನನ್ನ ಎದುರಿಗೆ ಬಂದು ನಿಂತರು.

"ಹೇಳಿ," ಎಂದೆ.

"ಕೂಸಿನ ಎದೆ ನಿಂತೋಗಿದೆಯಂತೆ ಸಾಮಿ. ಮಗಳಿಗೆ ಏನೂ ಇಲ್ಲ. ಮಗಳು ಚೆನ್ನಾಗವ್ಳೆ. ನೋವು ಬರ್ಸಿ ಹೆರಿಗೆ ಮಾಡ್ಸ್ತಾರಂತೆ. ಅಮ್ಮಾವ್ರು ಜೊತೇಲವ್ರೆ."

ಸತ್ತ ಮಗುವನ್ನೂ ಹೆರಬೇಕು ಎಂಬುದು ನನಗೆ ಆವತ್ತಿನವರೆಗೆ ತಿಳಿದಿರಲಿಲ್ಲ.

ಅವರು ನನ್ನ ಭುಜ ಹಿಡಿದು ಮರದ ಕಟ್ಟೆಯ ಮೇಲೆ ಕೂರಿಸಿ ತಾವೂ ಕೂತರು. ಸಂಜೆಯವರೆಗೂ ಎದ್ದು ಹೋಗಲಿಲ್ಲ. ನಡುವೆ ಮನೆಗೆ ಫೋನ್ ಮಾಡಿ, ಇವತ್ತು ಹಾಲು ನೀವೇ ಕರೆದು ಹಾಕಿಬಿಡಿ ಎಂದರು.

ಬೀಜಗಳಿಂದ ಆದದ್ದಲ್ಲ. ಕೋಲಾರದ ಡಾಕ್ಟರೂ ಹೇಳಿದರು, ಬೆಂಗಳೂರಿನ ಡಾಕ್ಟರಮ್ಮನೂ ಹೇಳಿದರು. ಮಗುವಿನ ಬೆಳವಣಿಗೆಯಲ್ಲೇ ದೋಷವಿತ್ತಂತೆ. ನಾನು ಎರಡು ಮಾರು ದೂರವಿದ್ದವನು, ನನ್ನ ಮೈಯಿಂದ ಅಲ್ಲಿಗೆ ಏನೂ ಹೋಗಿಲ್ಲ. ಲೆಕ್ಕ ನನಗೂ ಅರ್ಥವಾಗುತ್ತದೆ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಈ ಚಿಕಿತ್ಸೆಗೆ ಹೊರಟವರು ನನ್ನ ಕಥೆ ಓದಿ ಹೆದರಬಾರದು. ಆದರೂ ಬೀದಿಯಲ್ಲಿ ಮಾತು ಬಂತು. ಅಪ್ಪ ಮೈಯೊಳಗೆ ಅದೇನೋ ಇಟ್ಟುಕೊಂಡಿದ್ದರಂತಲ್ಲ ಎಂದು ಯಾರೋ ಲಲಿತಳನ್ನು ಕೇಳಿದರು. ಅವಳು ಮನೆಗೆ ಬಂದು ಅಡುಗೆಮನೆಯಲ್ಲಿ ನೆಲಕ್ಕೆ ಕೂತಳು.

"ಹೇಳಿದ್ರೆ ಹೋಗತ್ತೆ ಅಂತ ಸುಮ್ಮನಿದ್ದೆ," ಎಂದಳು. "ಹೇಳದಿದ್ರೂ ಹೋಯ್ತಲ್ಲ ರೀ."

ಪದ್ಮಕ್ಕ ಮಡಿಯಲ್ಲಿ ಒಲೆಯ ಮುಂದಿದ್ದಳು. ಸೌಟು ಇಟ್ಟು ಬಂದು ಲಲಿತಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಮಡಿ ಕೆಟ್ಟದ್ದಕ್ಕೆ ಆವತ್ತು ಸ್ನಾನಕ್ಕೆ ಹೋಗಲಿಲ್ಲ. ಹಾಗೆಯೇ ಬಡಿಸಿದಳು.

ಬೀಜ ಇಡಿಸಿಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇಷ್ಟೇ. ಡಾಕ್ಟರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ತಕ್ಷಣ ಉತ್ತರ ಕೊಡಬೇಡಿ. ಮನೆಗೆ ಹೋಗಿ ಹೆಂಗಸರನ್ನು ಕೇಳಿ. ಹೇಳಬಾರದ್ದು ಏನಾದರೂ ಇದ್ದರೆ ಡಾಕ್ಟರಿಗೆ ಒಬ್ಬರಿಗೇ ಹೇಳಿ ಎಂದು ಕೇಳಿಕೊಳ್ಳಿ. ಆಮೇಲೆ ಡಾಕ್ಟರು ಒಂದು ಮಾರು ಎಂದರೆ ಒಂದೇ ಮಾರು ಇಟ್ಟುಕೊಳ್ಳಿ. ನಾನು ಹೆಚ್ಚಿಗೆ ಇಟ್ಟುಕೊಂಡದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಆಸ್ಪತ್ರೆಯಿಂದ ವಾರಿಜಳನ್ನು ನಮ್ಮ ಮನೆಗೇ ಕರೆತಂದರು. ಏಳನೆಯ ತಿಂಗಳಲ್ಲಿ ಬಾಣಂತನಕ್ಕೆ ಬರಬೇಕಾಗಿದ್ದವಳು. ರಾಘು ಒಂದು ಕಡೆ, ಲಲಿತ ಒಂದು ಕಡೆ ಹಿಡಿದುಕೊಂಡು ಕಾರಿನಿಂದ ಇಳಿಸಿದರು. ಅವಳು ಜಗಲಿಯ ಮೇಲೆ ಕೂರಲಿಲ್ಲ. ಹೊಸಿಲು ದಾಟಿ ನಡುಮನೆಗೆ ಬಂದು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಳು. ನಾನು ರೂಢಿಯಂತೆ ಎದ್ದು ಒಳತುದಿಗೆ ಸರಿದು, ಹಿತ್ತಿಲ ಬಾಗಿಲ ಹತ್ತಿರ ನಿಂತೆ. ಎಷ್ಟು ದೂರ ನಿಲ್ಲಬೇಕೆಂದು ಕಾಲಿಗೇ ಗೊತ್ತಾಗಿಹೋಗಿತ್ತು.

ವಾರಿಜ ಗಟ್ಟಿಯಾಗಿ ಅಲ್ಲ, ಮೆಲ್ಲಗೆ ಹೇಳಿದಳು:

"ಇನ್ನು ಯಾರಿಗೋಸ್ಕರ ಅಲ್ಲಿ ನಿಂತಿದೀಯ ಅಪ್ಪ? ನನ್ನ ಹೊಟ್ಟೇಲಿ ಯಾರೂ ಇಲ್ಲ. ಬಾ, ಈಗ ಹತ್ರ ಕೂತ್ಕೋಬಹುದು."

ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ತಲೆಯನ್ನು ನನ್ನ ಭುಜಕ್ಕೆ ಇಟ್ಟಳು.